ಪಾಸ್‌ಪೋರ್ಟಿನೊಳಗಿನ ಹೆಂಗಸು

“ಇವರು ಬಂದಿಲ್ವಾ?”

ಗಾಜಿನ ಆಚೆ ಕೂತಿದ್ದ ಕೌಂಟರ್ ಮೇಡಂ ಫೋಟೋ ನೋಡಿದರು, ಅಕ್ಕನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಗಾಜಿಗೆ ಸಿಕ್ಕಿಸಿದ್ದ ಮೈಕಿನಿಂದ ಅವರ ದನಿ, ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ, ಇಡೀ ಹಾಲಿಗೆ ಕೇಳಿಸುತ್ತಿತ್ತು.

“ಯಾರು?” ಅಂದಳು ಅಕ್ಕ.

“ಇವರು. ಅರ್ಜಿ ಹಾಕಿರೋರು. ಖುದ್ದಾಗಿ ಅವರೇ ಬರ್ಬೇಕು. ಅವರ ಬದಲಿಗೆ ಅಕ್ಕ, ತಂಗಿ, ಅತ್ತಿಗೆ, ಯಾರೂ ಬರೋ ಹಾಗಿಲ್ಲ ಮೇಡಂ.”

“ಇವರೇ ನಾನು. ನಾನೇ ಇವರು.”

ಮೇಡಂ ಫೋಟೋವನ್ನು ಗಾಜಿಗೆ ಒತ್ತಿ ಹಿಡಿದರು. ಫೋಟೋದಲ್ಲಿ ಒಬ್ಬ ಹೆಂಗಸಿದ್ದಳು. ವಯಸ್ಸು ನಲವತ್ತೆರಡು ಇರಬಹುದು. ಕೆನ್ನೆ ಈಗಷ್ಟೇ ಇಸ್ತ್ರಿ ಮಾಡಿಸಿಕೊಂಡು ಬಂದ ಹಾಗಿತ್ತು. ನಮ್ಮಕ್ಕನಿಗೆ ಐವತ್ತೊಂಬತ್ತು. ಮೂವತ್ತಮೂರು ವರ್ಷ ಉತ್ತರಪತ್ರಿಕೆ ತಿದ್ದಿ ತಿದ್ದಿ ಕಣ್ಣ ಕೆಳಗೆ ಎರಡು ಸಣ್ಣ ಚೀಲಗಳನ್ನು ಸಂಪಾದಿಸಿದ್ದಾಳೆ. ಎಡಗೆನ್ನೆಯ ಮೇಲೆ, ತುಟಿಯಿಂದ ಒಂದು ಬೆರಳು ದೂರದಲ್ಲಿ, ಮೆಣಸಿನ ಕಾಳಿನಷ್ಟು ದಪ್ಪದ ಮಚ್ಚೆ ಇದೆ. ಶಾಲೆಯಲ್ಲಿ ಮಕ್ಕಳು ಅವಳನ್ನು ಬೆನ್ನ ಹಿಂದೆ ಕರೆಯುವುದೇ ‘ಫುಲ್‌ಸ್ಟಾಪ್ ಟೀಚರ್’ ಅಂತ.

“ಮಚ್ಚೆ ಎಲ್ಲಿ?” ಅಂದಿತು ಮೈಕು.

ಅಕ್ಕ ನಿಧಾನವಾಗಿ ಹಿಂದಕ್ಕೆ ತಿರುಗಿದಳು. ಹಿಂದಿನ ಸಾಲಿನ ಕುರ್ಚಿಯಲ್ಲಿ ನನ್ನ ಪಕ್ಕ ಭಾವ ಕೂತಿದ್ದರು. ಅವರು ತಲೆ ಎತ್ತಿ ಬಹಳ ಆಸಕ್ತಿಯಿಂದ ಫ್ಯಾನು ನೋಡುತ್ತಿದ್ದರು. ಅದು ಎ.ಸಿ. ಹಾಲು. ಫ್ಯಾನೇ ಇರಲಿಲ್ಲ.

ಭಾವನದು ಫೋಟೋ ಸ್ಟುಡಿಯೋ. ಅದೂ ಎಲ್ಲಿ? ಈ ವೀಸಾ ಕೇಂದ್ರದ ಎದುರಿಗೇ, ಜೆರಾಕ್ಸ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ. ಬೋರ್ಡಿನ ಮೇಲೆ ‘ಪಾಸ್‌ಪೋರ್ಟ್, ವೀಸಾ ಫೋಟೋ ಹತ್ತೇ ನಿಮಿಷದಲ್ಲಿ. ನೀವು ಇದ್ದ ಹಾಗೇ!’ ಅಂತ ಬರೆಸಿದ್ದಾರೆ. ಆ ಹತ್ತು ನಿಮಿಷದಲ್ಲಿ ಫೋಟೋ ತೆಗೆಯುವುದಕ್ಕೆ ಎರಡು ನಿಮಿಷ. ಮಿಕ್ಕ ಎಂಟು ನಿಮಿಷ ‘ಇದ್ದ ಹಾಗೇ’ ಮಾಡುವುದಕ್ಕೆ. ಹಿಂದೆ ನೆಗೆಟಿವ್ ಮೇಲೆ ಸಪೂರ ಕುಂಚದಲ್ಲಿ ಮಾಡುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ. ಮೊಡವೆ ಹೋಗುತ್ತದೆ, ಸುಕ್ಕು ಹೋಗುತ್ತದೆ, ಬಿಳಿಗೂದಲು ಕಪ್ಪಾಗುತ್ತದೆ. ಗಿರಾಕಿಗೆ ಮಾತ್ರ ಒಂದು ಮಾತೂ ಹೇಳುವುದಿಲ್ಲ. ಅವನು ಫೋಟೋ ನೋಡಿಕೊಂಡು, ನಾನು ಪರವಾಗಿಲ್ಲವಲ್ಲ ಎಂದು ಎದೆಯುಬ್ಬಿಸಿ ಹೋಗುತ್ತಾನೆ. ಮುಂದಿನ ಸಲ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಇಲ್ಲಿಗೇ ಬರುತ್ತಾನೆ. ಇದು ಭಾವನ ವೃತ್ತಿರಹಸ್ಯ. ಮನೆಯವರಾದ ನಮಗೆ ಗೊತ್ತಿತ್ತು. ಆದರೆ ಮನೆಯವರ ಮೇಲೂ ಪ್ರಯೋಗವಾಗುತ್ತದೆ ಅಂತ ಗೊತ್ತಿರಲಿಲ್ಲ.

“ಬೇರೆ ಫೋಟೋ ತನ್ನಿ. ನೆಕ್ಸ್ಟ್,” ಅಂದರು ಮೇಡಂ.

ಹೀಗೆ ಅಕ್ಕನ ಅರ್ಜಿ ಮೊದಲ ದಿನವೇ ವಾಪಸ್ಸಾಯಿತು. ಅದೇ ದಿನ, ಅದೇ ಕೌಂಟರಿನಲ್ಲಿ, ಭಾವನ ಅರ್ಜಿ ಒಂದೂವರೆ ನಿಮಿಷದಲ್ಲಿ ಪಾಸಾಯಿತು. ಯಾಕೆಂದರೆ ತಮ್ಮ ಫೋಟೋ ಅವರು ತಿದ್ದಿರಲಿಲ್ಲ. ಗಂಡಸಿಗ್ಯಾಕೆ ಅದೆಲ್ಲ ಅಂತ, ಬೋಳುತಲೆ, ಮೂಗಿನ ಮೇಲಿನ ಗಾಯದ ಗುರುತು ಸಮೇತ ಹಾಗೇ ಬಿಟ್ಟಿದ್ದರು.

ಹೋಗಬೇಕೆಂದು ಹಂಬಲಿಸಿದವಳು ಅಕ್ಕ. ಭಾವ ಬರೀ ಲಗೇಜು. ಇದನ್ನು ಸ್ವಲ್ಪ ಹೇಳಲೇಬೇಕು.

ಅಕ್ಕ ಭೂಗೋಳ ಹೇಳಿಕೊಡುತ್ತಾಳೆ. ಏಳನೇ ಕ್ಲಾಸಿಗೆ ಹಿಮನದಿಯ ಪಾಠವಿದೆ. ಮಂಜುಗಡ್ಡೆಯ ನದಿ ಬೆಟ್ಟದಿಂದ ಇಳಿಯುವುದು, ಇಳಿಯುತ್ತ ಬಂಡೆಗಳನ್ನು ಉಜ್ಜುವುದು, ಕೊನೆಗೆ ಕಲ್ಲುಮಣ್ಣಿನ ರಾಶಿ ಸುರಿದು ಕರಗುವುದು. ಮೂವತ್ತಮೂರು ವರ್ಷದಿಂದ ಅದನ್ನೇ ಹೇಳಿದ್ದಾಳೆ, ಅದೇ ಚಿತ್ರ ಬರೆದಿದ್ದಾಳೆ, ಅದೇ ಪಟ ತೋರಿಸಿದ್ದಾಳೆ. ಹೋದ ವರ್ಷ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಟೀಚರ್, ಅದು ನಿಜಕ್ಕೂ ನೀಲಿ ಇರತ್ತಾ, ಇಲ್ಲ ಪಟದಲ್ಲಿ ಮಾತ್ರನಾ?” ಎಂದು ಕೇಳಿದಳಂತೆ. ಅಕ್ಕ, “ನೀಲಿ ಇರತ್ತೆ,” ಅಂದಳಂತೆ. “ನೀವು ನೋಡಿದ್ದೀರಾ?” ಅಂದಳಂತೆ ಅವಳು.

ಮನೆಗೆ ಬಂದವಳೇ, “ನೋಡ್ಬೇಕು ಕಣೋ. ಕಣ್ಣಾರೆ ನೋಡಿ, ಬಂದು, ಒಂದೇ ಒಂದು ವರ್ಷ ಸರಿಯಾಗಿ ಪಾಠ ಮಾಡ್ಬೇಕು,” ಎಂದಳು. ಮುಂದಿನ ವರ್ಷ ಅವಳಿಗೆ ನಿವೃತ್ತಿ. ಅಂದರೆ ಈ ಬೇಸಿಗೆ ರಜೆಯೇ ಕೊನೆಯದು. ಆಮೇಲೆ ಹಿಮನದಿ ನೋಡಿ ಬಂದರೂ ಹೇಳಿಕೊಳ್ಳಲು ಕ್ಲಾಸೇ ಇರುವುದಿಲ್ಲ. ನಮಗೆ ಹೇಳಬಹುದು, ನಿಜ. ಆದರೆ ನಾವು ಬೆಂಚಿನ ಮೇಲೆ ಕೈಕಟ್ಟಿ ಕೂರುವುದಿಲ್ಲ.

ನಾನು ಕಾಲೇಜು ಮೆಟ್ಟಿಲು ಹತ್ತಿದವನು ಎಂಬ ಒಂದೇ ತಪ್ಪಿಗೆ ಮನೆಯ ಅರ್ಜಿಗಳೆಲ್ಲ ನನ್ನ ತಲೆಗೆ ಬರುತ್ತವೆ. ಇದೂ ಬಂತು. ಅರ್ಜಿ ನಮ್ಮದು, ಮರ್ಜಿ ಅವರದು. ಹದಿನಾಲ್ಕು ಪುಟ. ‘ನೀವು ಎಂದಾದರೂ ಯಾವುದಾದರೂ ಸರ್ಕಾರವನ್ನು ಉರುಳಿಸಲು ಯತ್ನಿಸಿದ್ದೀರಾ?’ ಎಂಬ ಪ್ರಶ್ನೆಗೆ ಅಕ್ಕ ಕನ್ನಡಕ ಏರಿಸಿ, “ಇದಕ್ಕೆ ಯಾರಾದ್ರೂ ಹೌದು ಅಂತ ಬರೀತಾರೇನೋ? ಪ್ರಶ್ನೆಪತ್ರಿಕೆ ತೆಗೆದೋನಿಗೆ ಬುದ್ಧಿ ಇಲ್ಲ,” ಎಂದಳು. ‘ಪ್ರವಾಸದ ಉದ್ದೇಶ’ ಎಂಬಲ್ಲಿ ಇಪ್ಪತ್ತು ಅಕ್ಷರಕ್ಕೆ ಜಾಗವಿತ್ತು. ಅಕ್ಕ ಎರಡು ಹಾಳೆ ಬರೆದು, ಹಿಮನದಿಯ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ ಲಗತ್ತಿಸಿದಳು.

ಹಿಮನದಿ ತೋರಿಸುವ ವಿದೇಶ ಪ್ರವಾಸದ ಏಜೆಂಟ್ ಒಬ್ಬನಿದ್ದ. ಅವನ ಹೆಸರು ನಮಗೆ ಇವತ್ತಿಗೂ ಬಾಯಿಗೆ ಬರುವುದಿಲ್ಲ. ನಾವು ಕರೆಯುವುದು ‘ಆಯ್ತನ್ಕೊಳ್ಳಿ’ ಅಂತ. ಏನು ಕೇಳಿದರೂ ಮೂಗಿನಲ್ಲಿ ಎಳೆದು, “ಆಯ್ತನ್ಕೊಳ್ಳೀ...” ಎನ್ನುತ್ತಾನೆ. ವೀಸಾ ಆಗುತ್ತಾ? ಆಯ್ತನ್ಕೊಳ್ಳೀ. ಕಿಟಕಿ ಪಕ್ಕದ ಸೀಟು? ಆಯ್ತನ್ಕೊಳ್ಳೀ. ನಾವು ಅಂದುಕೊಂಡದ್ದೇ ಅಂದುಕೊಂಡದ್ದು. ಆದದ್ದು ಒಂದೂ ಇಲ್ಲ.

ಮೊದಲ ದಿನ ಕೇಂದ್ರದ ಮೆಟ್ಟಿಲು ಇಳಿಯುವಾಗ ಅಕ್ಕ ಗಂಡನ ಜೊತೆ ಮಾತಾಡಲಿಲ್ಲ. ರಸ್ತೆ ದಾಟಿ ಸೀದಾ ಸ್ಟುಡಿಯೋಗೆ ನುಗ್ಗಿ, ಸ್ಟೂಲಿನ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಿದಳು.

“ತೆಗೀರಿ. ಮಚ್ಚೆ ಮುಟ್ಟಿದ್ರೆ ನೋಡಿ.”

“ಮುಟ್ಟಲ್ಲ ಕಣೆ. ಆಣೆ.”

ಭಾವ ಮಾತಿಗೆ ತಪ್ಪುವವರಲ್ಲ. ಮಚ್ಚೆಯನ್ನು ಮುಟ್ಟಲಿಲ್ಲ. ಅದರ ಸುತ್ತಮುತ್ತ ಏನಿತ್ತೋ ಅದನ್ನೆಲ್ಲ ಮುಟ್ಟಿದರು. ಒಂದು ವಾರ ಬಿಟ್ಟು ಸಿಕ್ಕ ಎರಡನೇ ಅಪಾಯಿಂಟ್‌ಮೆಂಟಿಗೆ ಹೋದಾಗ ಫೋಟೋದಲ್ಲಿ ಕಣ್ಣ ಕೆಳಗಿನ ಚೀಲಗಳು ಮಾಯ, ಹಣೆ ಸಾಪು, ಕಿವಿಯ ಮೇಲಿನ ನರೆ ಕಪ್ಪು. ನಡುವೆ ಮಚ್ಚೆಯೊಂದು ಒಂಟಿಯಾಗಿ, ಬೇರೆಯವರ ಮನೆಗೆ ಬಂದ ನೆಂಟನ ಹಾಗೆ ಕೂತಿತ್ತು.

“ಮಚ್ಚೆ ಈಗ ಅಂಟಿಸಿದ್ದಾ?” ಎಂದು ಕೇಳಿತು ಮೈಕು. ಹಾಲಿನಲ್ಲಿ ಯಾರೋ ನಕ್ಕರು. “ನೆಕ್ಸ್ಟ್.”

ಆವತ್ತು ಮೆಟ್ಟಿಲ ಮೇಲೇ ಜಗಳವಾಯಿತು.

“ನನಗೆ ಇದೊಂದು ಹೇಳಿ. ನಿಮ್ಮ ಕಣ್ಣಿಗೆ ನಾನು ಹೇಗೆ ಕಾಣ್ತೀನಿ?”

“ಚೆನ್ನಾಗೇ ಕಾಣ್ತೀಯ.”

“ಹಾಗಾದ್ರೆ ಯಾಕ್ರೀ ತಿದ್ದೋದು? ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು. ಈ ಮುಖ ನಿಮಗೆ ಬೇಡ ಅನ್ನೋದು ಕೌಂಟರಿನಲ್ಲಿ ಗೊತ್ತಾಗ್ಬೇಕಾ ನನಗೆ?”

“ಏ, ಹಾಗಲ್ವೇ! ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ನನ್ನ ವೃತ್ತೀಲಿ ಒಂದು ಕಪ್ಪುಚುಕ್ಕೆ ಇಲ್ಲ!”

“ಇದ್ದ ಚುಕ್ಕೇನೆಲ್ಲ ಅಳಿಸಿ ಹಾಕಿದ್ರೆ ಎಲ್ಲಿಂದ ಇರತ್ತೆ?”

ಸೆಕ್ಯುರಿಟಿಯವನು, “ಜಗಳ ಗೇಟಿನಾಚೆ,” ಅಂದ. ಫೋನು ಒಳಗೆ ತರೋ ಹಾಗಿಲ್ಲ, ಬ್ಯಾಗು ತರೋ ಹಾಗಿಲ್ಲ ಎನ್ನುವ ಅದೇ ರಾಗದಲ್ಲಿ. ಅವರ ಪಟ್ಟಿಯಲ್ಲಿ ಅದೂ ಇರಬೇಕು.

ಮೂರನೇ ಸಲದ ಅಪಾಯಿಂಟ್‌ಮೆಂಟು ತೆಗೆಯುವುದಕ್ಕೆ ನಾನು ಕಂಪ್ಯೂಟರಿನ ಮುಂದೆ ಎರಡು ಬೆಳಗ್ಗೆ ಕಳೆದೆ. ‘ನೀವು ಯಂತ್ರವಲ್ಲ ಎಂದು ಸಾಬೀತುಪಡಿಸಿ, ಬಸ್ಸಿರುವ ಚೌಕಗಳನ್ನು ಒತ್ತಿ’ ಎಂದಿತು. ಒತ್ತಿದೆ. ಬಸ್ಸಿನ ಕನ್ನಡಿ ಪಕ್ಕದ ಚೌಕಕ್ಕೆ ಅರ್ಧ ಇಂಚು ಹೋಗಿತ್ತಂತೆ, ಅದಕ್ಕೆ ನಾನು ಯಂತ್ರವಂತೆ. ಅಕ್ಕ ಹಿಂದೆ ನಿಂತು, “ನೀನು ಮನುಷ್ಯ ಅಂತ ಇದು ಒಪ್ಪಲ್ಲ, ನಾನು ನಾನೇ ಅಂತ ಅದು ಒಪ್ಪಲ್ಲ. ಒಳ್ಳೆ ಮನೆತನ ನಮ್ಮದು,” ಎಂದಳು. ಅವಳನ್ನು ನಗಿಸಲೆಂದು ನಾನು ಟೋಕನ್ ಕರೆಯುವ ಯಂತ್ರದ ಹೆಂಗಸಿನ ದನಿಯಲ್ಲಿ, “ಟೋಕನ್... ನೂರಾ... ಮೂವತ್ತಾ... ಏಳು... ಕೌಂಟರ್... ನಾ... ಲ್ಕು,” ಅಂದೆ. ಅಕ್ಕ ನಗಲಿಲ್ಲ. ಪ್ರವಾಸಕ್ಕೆ ಇನ್ನು ಮೂವತ್ತೆಂಟು ದಿನ ಉಳಿದಿತ್ತು.

ಈ ಸಲ ಭಾವನ ಕುರ್ಚಿಯ ಹಿಂದೆ ಅಕ್ಕ ನಿಂತಳು. ಪರೀಕ್ಷಾ ಹಾಲಿನಲ್ಲಿ ನಿಲ್ಲುವ ಹಾಗೆ, ಕೈ ಹಿಂದೆ ಕಟ್ಟಿಕೊಂಡು. ಭಾವನ ಬೆರಳು ಮೌಸಿನ ಮೇಲೆ ಚಡಪಡಿಸಿದಾಗಲೆಲ್ಲ ಕೆಮ್ಮಿದಳು. ಒಂದೇ ಒಂದು ಗೀರನ್ನೂ ಮುಟ್ಟದ ಫೋಟೋ ಹೊರಬಂತು. ಭಾವ ಅದನ್ನು ಕತ್ತರಿಸಿ ಕೊಡುವಾಗ ಅತ್ತ ಮುಖ ತಿರುಗಿಸಿಕೊಂಡಿದ್ದರು.

ಕೌಂಟರ್ ಮೇಡಂ ಫೋಟೋ ನೋಡಿದರು, ಅಕ್ಕನನ್ನು ನೋಡಿದರು. “ಹಾಂ, ಇದು ನೀವು.”

ನಮ್ಮ ಮೂವರ ಉಸಿರೂ ಒಟ್ಟಿಗೆ ಹೊರಬಂತು. ಮೇಡಂ ಪಾಸ್‌ಪೋರ್ಟ್ ತೆರೆದರು. ಪಾಸ್‌ಪೋರ್ಟಿನೊಳಗಿನ ಫೋಟೋ ನೋಡಿದರು.

“ಇದು ಯಾರು?”

ಎಂಟು ವರ್ಷದ ಹಿಂದೆ ಪಾಸ್‌ಪೋರ್ಟಿಗೆ ಫೋಟೋ ಕೊಟ್ಟದ್ದು ಯಾವ ಸ್ಟುಡಿಯೋದವರು ಎಂದು ಹೇಳಬೇಕಾಗಿಲ್ಲ. ಅಲ್ಲಿದ್ದಳು ಅವಳು. ಬೆಣ್ಣೆಯಂಥ ಕೆನ್ನೆ, ಮಚ್ಚೆಯ ಸುಳಿವಿಲ್ಲ. ಅಷ್ಟು ವರ್ಷ ಕಪಾಟಿನಲ್ಲಿ ಸುಮ್ಮನೆ ಮಲಗಿದ್ದ ಪಾಸ್‌ಪೋರ್ಟನ್ನು ನಾವ್ಯಾರೂ ಸರಿಯಾಗಿ ನೋಡಿರಲಿಲ್ಲ. ಮನೆಯವರ ಮುಖವನ್ನು ಪಾಸ್‌ಪೋರ್ಟಿನಲ್ಲಿ ಯಾರು ನೋಡುತ್ತಾರೆ?

ಹಿಂದಿನ ಎರಡು ಸಲ ಅರ್ಜಿಯ ಫೋಟೋ ಅಕ್ಕನಿಗೆ ಹೊಂದಿರಲಿಲ್ಲ. ಈಗ ಅಕ್ಕನಿಗೆ ಹೊಂದಿದ್ದು ಪಾಸ್‌ಪೋರ್ಟಿಗೆ ಹೊಂದಲಿಲ್ಲ.

“ಮಚ್ಚೆ ಯಾವಾಗ ಬಂತು?” ಮೈಕು ಕೇಳಿತು.

“ನನ್ನ ಜೊತೇಲೇ ಬಂತಮ್ಮ. ಐವತ್ತೊಂಬತ್ತು ವರ್ಷದ ಹಿಂದೆ,” ಎಂದಳು ಅಕ್ಕ.

ಮೇಡಂ ಕೆಟ್ಟವರಲ್ಲ. ದಿನಕ್ಕೆ ಮುನ್ನೂರು ಮುಖ ನೋಡಿ ಸುಸ್ತಾದವರು, ಅಷ್ಟೆ. ಎರಡು ದಾರಿ ಇದೆ ಎಂದರು. ಒಂದು, ಹೊಸ ಪಾಸ್‌ಪೋರ್ಟ್ ಮಾಡಿಸಿ ಬನ್ನಿ, ನಲವತ್ತೈದು ದಿನ. ಇನ್ನೊಂದು, ಪಾಸ್‌ಪೋರ್ಟಿನ ಫೋಟೋ ತೆಗೆದ ಸ್ಟುಡಿಯೋದವರು ‘ನಾನು ಇದನ್ನು ತಿದ್ದಿದ್ದೇನೆ’ ಅಂತ ಪ್ರಮಾಣಪತ್ರ ಬರೆದು, ತಿದ್ದದ ಮೂಲ ಫೋಟೋ ಜೊತೆಗಿಟ್ಟು, ಖುದ್ದಾಗಿ ಇಲ್ಲಿಗೆ ಬಂದು ನನ್ನೆದುರು ಸಹಿ ಮಾಡಬೇಕು. ಆಗ ‘ವಿವರಣೆ ಲಗತ್ತಿಸಿದೆ’ ಅಂತ ಬರೆದು ಮೇಲಕ್ಕೆ ಕಳಿಸಬಹುದು.

“ಯಾವ ಸ್ಟುಡಿಯೋ ಅದು? ಈಗ ಇದೆಯಾ, ಮುಚ್ಚಿದ್ಯಾ?” ಎಂದು ಕೇಳಿದರು.

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಭಾವ ಎದ್ದು ಹೊರಗೆ ನಡೆದುಬಿಟ್ಟಿದ್ದರು.

ಯಾಕೆ ನಡೆದರು ಅಂತ ನನಗೆ ಗೊತ್ತಿತ್ತು. ಅವರು ತೆಗೆದ ಪ್ರತಿ ಫೋಟೋದ ಬೆನ್ನಿಗೂ ಸ್ಟುಡಿಯೋದ ಮೊಹರು ಇರುತ್ತದೆ. ಆ ಹಾಲಿನಲ್ಲಿ ಕೂತ ಅರ್ಧ ಜನರ ಫೈಲಿನಲ್ಲಿ ಆ ಮೊಹರಿತ್ತು. ನಾನು ತಿದ್ದುತ್ತೇನೆ ಅಂತ ಒಂದು ಸಲ ಬರೆದುಕೊಟ್ಟರೆ, ಆ ಮೊಹರು ಕಂಡ ಫೋಟೋವನ್ನೆಲ್ಲ ಕೌಂಟರಿನವರು ಅನುಮಾನದಿಂದ ನೋಡುತ್ತಾರೆ. ಎದುರಿನ ಕೇಂದ್ರವೇ ನಂಬದ ಅಂಗಡಿಗೆ ಯಾರು ಬರುತ್ತಾರೆ? ಮೂವತ್ತು ವರ್ಷ ಬೇರೆಯವರ ಮುಖ ಬೆಳಗಿದವರು ತಮ್ಮ ಮುಖಕ್ಕೆ ತಾವೇ ಮಸಿ ಬಳಿದುಕೊಳ್ಳಬೇಕು.

‘ಆಯ್ತನ್ಕೊಳ್ಳಿ’ಗೆ ಫೋನು ಮಾಡಿದೆ. “ಅಯ್ಯೋ, ಅಷ್ಟೇನಾ! ಮಚ್ಚೆ ಮೇಲೆ ಸ್ವಲ್ಪ ಪೌಡರ್ ಹಾಕ್ಕೊಂಡು, ಹಳೇ ಫೋಟೋ ಇಟ್ಕೊಂಡು ಬೇರೆ ಕೌಂಟರಿಗೆ ಹೋಗ್ಲಿ. ಆಯ್ತನ್ಕೊಳ್ಳೀ.”

ಅಕ್ಕ ಫೋನು ಕಿತ್ತುಕೊಂಡಳು. “ನೋಡಪ್ಪಾ, ಕಾಪಿ ಹೊಡೆಯೋ ಮಕ್ಕಳನ್ನ ಮೂವತ್ತಮೂರು ವರ್ಷ ಹಿಡಿದಿದ್ದೀನಿ. ಈ ವಯಸ್ಸಲ್ಲಿ ಅಲ್ಲಿ ಹೋಗಿ ನಾನೇ ಸಿಕ್ಕಿಹಾಕ್ಕೊಳ್ಳಲಾ? ಇಡು ಫೋನು.”

ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೇ ದಿನ ಕೊರಿಯರ್ ಬಂತು. ಭಾವನ ಪಾಸ್‌ಪೋರ್ಟು, ಅದರೊಳಗೆ ಭಾವನ ವೀಸಾ. ಫಳಫಳ ಹೊಳೆಯುವ ಚೀಟಿಯ ಮೂಲೆಯಲ್ಲಿ ಅವರ ಬೋಳುತಲೆ ಇನ್ನೂ ಫಳಫಳ. ಹಿಮನದಿ ಎಂದರೆ ಫ್ರಿಜ್ಜಿನೊಳಗಿನ ಐಸು ಎಂದುಕೊಂಡಿದ್ದ ಮನುಷ್ಯನಿಗೆ ಒಂದು ದೇಶ ಬಾಗಿಲು ತೆರೆದು ನಿಂತಿತ್ತು.

ಅಕ್ಕ ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟಳು.

“ಹೋಗಿ ಬನ್ನಿ.”

“ನಾನೊಬ್ನೇ ಹೋಗಿ ಏನ್ಮಾಡ್ಲಿ?”

“ಫೋಟೋ ತೆಗೆದುಕೊಂಡು ಬನ್ನಿ. ಇಷ್ಟು ವರ್ಷ ಯಾರೋ ತೆಗೆದ ಪಟ ತೋರಿಸ್ತಿದ್ದೆ, ಈ ವರ್ಷ ನೀವು ತೆಗೆದಿದ್ದು ತೋರಿಸ್ತೀನಿ. ಆದ್ರೆ ಆ ಹುಡುಗಿಯಂಥೋಳು ಪ್ರತಿ ವರ್ಷ ಒಬ್ಬಳು ಇರ್ತಾಳಲ್ಲ, ನಿಜಕ್ಕೂ ನೀಲಿನಾ ಅಂತ ಮತ್ತೆ ಕೇಳ್ತಾಳೆ. ಏನ್ಹೇಳ್ಲಿ? ನಮ್ಮನೆಯವರು ತೆಗೆದಿದ್ದಮ್ಮ, ನೀಲಿ ಅವರೇ ಹಾಕಿರ್ಬಹುದು ಅನ್ಲಾ?”

ಇದನ್ನು ಅವಳು ಜಗಳದ ದನಿಯಲ್ಲಿ ಹೇಳಿದ್ದರೆ ಭಾವ ಉತ್ತರ ಕೊಡುತ್ತಿದ್ದರು. ಅವಳು ಮೆಲ್ಲಗೆ ಹೇಳಿ, ಎದ್ದು, ತನಗೆಂದು ಕೊಂಡಿದ್ದ ಉಣ್ಣೆಯ ಟೋಪಿಯನ್ನು ತಂದು ಅವರ ಪೆಟ್ಟಿಗೆಯ ಮೇಲಿಟ್ಟಳು. “ನಿಮ್ಮ ತಲೆಗೇ ಬೇಕಾಗತ್ತೆ ಇದು. ಕೂದ್ಲಿಲ್ಲ.”

ಮಾರನೇ ಬೆಳಗ್ಗೆ ನಾನು ಸ್ಟುಡಿಯೋಗೆ ಹೋದಾಗ ಷಟರ್ ಅರ್ಧ ತೆರೆದಿತ್ತು. ಬಗ್ಗಿ ಒಳಗೆ ಹೋದೆ. ಭಾವ ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆಯ ಮೇಲೆ ಎಂಟು ವರ್ಷದ ಹಿಂದಿನ ಅಕ್ಕ ಇಬ್ಬರಿದ್ದರು, ತಿದ್ದಿದವಳು ಮತ್ತು ತಿದ್ದದವಳು. ಭಾವ ಮೂಲ ಫೋಟೋ ಒಂದನ್ನೂ ಬಿಸಾಡಿದವರಲ್ಲ.

“ಕೈ ಹೋಗ್ಬಿಡತ್ತೆ ಕಣೋ,” ಅಂದರು ನನ್ನನ್ನು ನೋಡದೆ. “ಮುಖ ಬಂತು ಅಂದ್ರೆ ಕೈ ಹೋಗ್ಬಿಡತ್ತೆ. ಯಾರ ಮುಖ ಅಂತ ಕೈಗೆ ಗೊತ್ತಾಗಲ್ಲ.” ತಿದ್ದದವಳನ್ನು ಪ್ರಿಂಟಿಗೆ ಕೊಟ್ಟು ಕೇಳಿದರು, “ಆ ಪ್ರಮಾಣಪತ್ರ ಎಷ್ಟು ಪುಟ ಬೇಕಂತೆ?”

ಕರಡನ್ನು ಅವರೇ ಬರೆದರು. ಅಭ್ಯಾಸಬಲ ನೋಡಿ, ಅದನ್ನೂ ನುಣ್ಣಗೆ ಮಾಡಿದ್ದರು. ‘ಬೆಳಕಿನ ಏರುಪೇರಿನ ಕಾರಣ ಸದರಿ ಮಚ್ಚೆಯು ಅಲ್ಪಸ್ವಲ್ಪ ಮಸುಕಾಗಿದ್ದು, ಮುಖದ ಕಾಂತಿಯಲ್ಲಿ ಕಿಂಚಿತ್ ವ್ಯತ್ಯಾಸ ಉಂಟಾಗಿರಬಹುದಾಗಿದ್ದು...’

ಅಕ್ಕ ಕೆಂಪು ಪೆನ್ನು ತೆಗೆದಳು.

“ಉಂಟಾಗಿರಬಹುದಾಗಿದ್ದು! ಯಾರು ಉಂಟು ಮಾಡಿದ್ದು? ಮಚ್ಚೆ ತಾನಾಗೇ ಎದ್ದು ವಾಕಿಂಗ್ ಹೋಗಿತ್ತಾ?”

“ಸ್ವಲ್ಪ ಮರ್ಯಾದೆ ಉಳಿಸ್ಕೊಂಡು ಬರೀತೀನಿ ಕಣೆ.”

“ಹತ್ತಕ್ಕೆ ಎರಡು. ಇನ್ನೊಂದು ಸಲ ಬರೀರಿ.”

ನಾಲ್ಕನೇ ಸಲಕ್ಕೆ ಬಂದ ಪತ್ರ ಇಷ್ಟೇ ಇತ್ತು: ‘ನನ್ನ ಹೆಂಡತಿಯ ಎಡಗೆನ್ನೆಯ ಮಚ್ಚೆಯನ್ನು ನಾನೇ ಅಳಿಸಿದ್ದೇನೆ. ಕಣ್ಣ ಕೆಳಗೆ ಮತ್ತು ಹಣೆಯ ಮೇಲೆ ಇದ್ದುದನ್ನೂ ಅಳಿಸಿದ್ದೇನೆ. ಅವಳು ಕೇಳಿರಲಿಲ್ಲ. ಮೂಲ ಚಿತ್ರ ಲಗತ್ತಿಸಿದೆ.’ ಅಕ್ಕ ಎರಡು ಸಲ ಓದಿ, ಎಷ್ಟಕ್ಕೆ ಎಷ್ಟು ಎಂದು ಹಾಕದೆ, ಮಡಚಿ ಫೈಲಿಗಿಟ್ಟಳು.

ಅಪಾಯಿಂಟ್‌ಮೆಂಟಿನ ದಿನ ಹಾಲು ತುಂಬಿತ್ತು. ಭಾವ ಗಾಜಿನ ಹತ್ತಿರ ಬಾಯಿಟ್ಟು ಗುಟ್ಟು ಹೇಳುವ ಹಾಗೆ ಪಿಸುಗುಟ್ಟಿದರು. ಮೇಡಂ, “ಕೇಳಿಸ್ತಿಲ್ಲ, ಮೈಕಲ್ಲಿ ಮಾತಾಡಿ,” ಎಂದು ನಮ್ಮ ಕಡೆಯ ಮೈಕನ್ನೂ ಹಾಕಿಬಿಟ್ಟರು.

“ಎದುರಿನ ಸ್ಟುಡಿಯೋ ನಂದೇ,” ಎಂದ ಭಾವನ ದನಿ ಗೋಡೆಗೋಡೆಗೂ ಬಡಿಯಿತು. “ಫೋಟೋ ತಿದ್ದಿದ್ದೂ ನಾನೇ.”

ಹಾಲಿನ ತುಂಬ ಫೈಲುಗಳು ಸರಸರ ಅಂದವು. ಒಬ್ಬೊಬ್ಬರೇ ಫೋಟೋ ಹೊರತೆಗೆದು, ಬೆನ್ನು ತಿರುಗಿಸಿ ಮೊಹರು ನೋಡತೊಡಗಿದರು. ಮೊದಲು ಎದ್ದು ಬಂದವರು ದಪ್ಪನೆಯ ಸೂಟಿನ ಯಜಮಾನರು.

“ಏನ್ಸಾರ್, ನಂದೂ ನಿಮ್ಮಲ್ಲೇ ತೆಗ್ಸಿದ್ದು! ನಂದೂ ತಿದ್ದಿದ್ದೀರಾ?”

ಭಾವ ಫೋಟೋ ನೋಡಿದರು. ಒಂದು ಸಲ ನಿಜ ಹೇಳಿದವರಿಗೆ ಮತ್ತೆ ಸುಳ್ಳಿಗೆ ಹೊರಳಲು ಬರಲಿಲ್ಲವೋ ಏನೋ. “ಗದ್ದ. ಎರಡಿತ್ತು. ಒಂದು ತೆಗೆದೆ.”

“ನನಗೆ ಗದ್ದ ಒಂದೇ ರೀ!” ಅಂದ ಯಜಮಾನರು ಮುಟ್ಟಿ ನೋಡಿಕೊಂಡು ಕುರ್ಚಿಗೆ ಮರಳಿದರು.

“ನಂದು ಅಂಕಲ್?” “ಕಿವಿ. ಒಂದು ಸ್ವಲ್ಪ ಹೊರಗಿತ್ತಮ್ಮ, ಒಳಗೆ ತಂದೆ.” “ನಂದು?” “ನಿಮ್ದು ಏನೂ ಇಲ್ಲ... ಹಲ್ಲು ಮಾತ್ರ.” ಹೊಸದಾಗಿ ಮದುವೆಯಾದ ಜೋಡಿಯಲ್ಲಿ ಗಂಡ ಹೆಂಡತಿಯ ಫೋಟೋವನ್ನೂ ಹೆಂಡತಿಯನ್ನೂ ನೋಡಿ ಬಾಯಿ ತೆರೆದ. ಹೆಂಡತಿ, “ಒಂದು ಮಾತು ಆಡಿದ್ರೆ ನೋಡಿ,” ಅಂದಳು. ಟೋಕನ್ ಯಂತ್ರ ನೂರಾ... ಎಂಬತ್ತಾ... ಎಂದು ಕರೆಯುತ್ತಲೇ ಇತ್ತು, ಯಾರೂ ಏಳಲಿಲ್ಲ. ನಾನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ.

ಆಗ ಮೈಕು ಟಪ್ ಎಂದು ಆಫ್ ಆಯಿತು. ಕೌಂಟರ್ ಮೇಡಂ ಮುಂದೆ ಬಗ್ಗಿ, ಗಾಜಿನ ಕೆಳಗಿನ ಕಿಂಡಿಯಿಂದ, ಇಷ್ಟು ದಿನದಲ್ಲಿ ಮೊದಲ ಬಾರಿಗೆ ತಮ್ಮ ಸ್ವಂತ ದನಿಯಲ್ಲಿ ಮಾತಾಡಿದರು. ಆ ದನಿ ಸಣ್ಣದಿತ್ತು. ಕೊರಳಿನ ಗುರುತಿನ ಚೀಟಿಯನ್ನು ಕಿಂಡಿಗೆ ತಂದು ಹಿಡಿದಿದ್ದರು.

“ಇದೂ ನಿಮ್ಮಲ್ಲೇ ತೆಗೆಸಿದ್ದು. ಇದನ್ನೂ...?”

ಭಾವ ಚೀಟಿ ನೋಡಿದರು. ಮೇಡಂ ಮುಖ ನೋಡಿದರು. ನಾನು ಮನಸ್ಸಿನಲ್ಲೇ, ಭಾವ, ಈ ಒಂದು ಸಲ ಸುಳ್ಳು ಹೇಳಿ, ಕೈಮುಗೀತೀನಿ, ಅಂದುಕೊಂಡೆ.

“ಬಲಗೆನ್ನೆ,” ಎಂದರು ಭಾವ. “ಕಲೆಗಳಿದ್ವು. ಎಲ್ಲಾ ತೆಗೆದೆ.”

ಮೇಡಂ ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡರು. ತಮ್ಮ ಕೆನ್ನೆಯ ಮೇಲೆ ಒಂದು ಬೆರಳು ಆಡಿಸಿಕೊಂಡರು. ಆಮೇಲೆ ಪ್ರಮಾಣಪತ್ರ ತೆಗೆದುಕೊಂಡು, ಭಾವನ ಸಹಿ ಹಾಕಿಸಿ, ಧಡ್ ಎಂದು ಮುದ್ರೆ ಒತ್ತಿದರು. ಮೈಕು ಹಾಕಿ, “ಹದಿನೈದು ಕೆಲಸದ ದಿನ. ನೆಕ್ಸ್ಟ್,” ಎಂದರು.

ಹದಿನೈದು ಕೆಲಸದ ದಿನ ಎಂದರೆ, ರಜಾದಿನಗಳನ್ನು ಕಳೆದು ಎಣಿಸಿದರೆ, ಪ್ರವಾಸ ಹೊರಡುವ ಹಿಂದಿನ ದಿನ. ಎರಡು ದಿನದೊಳಗೆ ಕೇಂದ್ರದ ಬಾಗಿಲಿಗೆ ಒಂದು ನೋಟೀಸು ಬಿತ್ತು: ಹೊರಗಿನ ಸ್ಟುಡಿಯೋ ಫೋಟೋ ಸ್ವೀಕರಿಸುವುದಿಲ್ಲ, ಒಳಗಿನ ಯಂತ್ರದಲ್ಲೇ ತೆಗೆಸತಕ್ಕದ್ದು. ಭಾವನ ಅಂಗಡಿಯ ಮುಂದಿನ ಸಾಲು ಕರಗಿತು. ಕನ್ನಡಕದ ಅಂಗಡಿಯವನು ದಿನಾ ಬಂದು ವಿಷಾದ ಸೂಚಿಸಿ ಹೋಗುತ್ತಿದ್ದ. ವೀಸಾ ಕೇಳಿದವರಿಗೆ ಸದ್ಯಕ್ಕೆ ವಿಷಾದ ಬಂದಿತ್ತು. ಭಾವ ಸ್ಟೂಲು ಒರೆಸಿದರು, ಲೆನ್ಸು ಒರೆಸಿದರು, ಮತ್ತೆ ಸ್ಟೂಲು ಒರೆಸಿದರು. ಅಕ್ಕ ಶಾಲೆ ರಜೆಯಲ್ಲವೇ ಎಂದು ಅಂಗಡಿಗೇ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಯಾರಾದರೂ ಬಂದು, “ಸಾರ್, ಮದುವೆಗೆ ಹುಡುಗನ ಕಡೆಗೆ ಕಳ್ಸೋಕೆ ಒಂದು ಫೋಟೋ, ಸ್ವಲ್ಪ ಅದು, ನೀವು ಮಾಡ್ತೀರಂತಲ್ಲ, ಹಾಗೆ...” ಎಂದು ತೊದಲಿದರೆ ಅಕ್ಕ ಪುಸ್ತಕದಿಂದ ತಲೆ ಎತ್ತುತ್ತಿದ್ದಳು. ಭಾವ, “ಕೇಳಿ ಮಾಡಿಸ್ಕೊಂಡ್ರೆ ತಪ್ಪಿಲ್ಲ ಅಲ್ವೇನೇ?” ಅನ್ನುತ್ತಿದ್ದರು. ಅಕ್ಕ ತಲೆ ತಗ್ಗಿಸುತ್ತಿದ್ದಳು. ಅಂಥವರು ದಿನಕ್ಕೆ ನಾಲ್ಕೈದು ಮಂದಿ ಬರತೊಡಗಿದ್ದರು.

ಹದಿನೈದನೇ ಕೆಲಸದ ದಿನ ಲಕೋಟೆ ಸಿಕ್ಕಿತು. ಅಕ್ಕ ಅದನ್ನು ಸ್ಟುಡಿಯೋಗೆ ತಂದು, ಕೂತು, ನೀರು ಕುಡಿದು, ಅಂಚು ಹರಿದಳು. ವೀಸಾ ಇತ್ತು. ಎಂಟೇ ದಿನಕ್ಕೆ, ಒಂದೇ ಪ್ರವೇಶಕ್ಕೆ. ಅವಳು ತಾರೀಖು, ಸಂಖ್ಯೆ, ಮುದ್ರೆ ಎಲ್ಲವನ್ನೂ ಉತ್ತರಪತ್ರಿಕೆಯ ಹಾಗೆ ಬೆರಳಿಟ್ಟು ಓದಿದಳು. ಕೊನೆಗೆ ತಲೆ ಎತ್ತಿದಾಗ ಕಣ್ಣು ತುಂಬಿತ್ತು. “ನೋಡ್ತೀನಿ ಕಣೋ,” ಅಂದಳು ನನಗೆ. “ನೀಲಿನೋ ಅಲ್ವೋ, ನಾನೇ ನೋಡ್ತೀನಿ.”

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ‘ಆಯ್ತನ್ಕೊಳ್ಳಿ’.

“ವೀಸಾ ಬಂತಲ್ಲ, ನಾನು ಹೇಳಿರ್ಲಿಲ್ವಾ! ಒಂದೇ ಒಂದು ಚಿಕ್ಕ ಕೆಲಸ. ಅಲ್ಲಿ ಮಂಜಿನ ಮೇಲೆ ಹತ್ತೋಕೆ ಪಾಸ್ ಬೇಕು, ಫೋಟೋ ಇರೋದು. ವೀಸಾದಲ್ಲಿರೋ ಮುಖಾನೇ ಇರ್ಬೇಕು, ಅಲ್ಲಿ ಗೇಟಲ್ಲಿ ತುಂಬ ಸ್ಟ್ರಿಕ್ಟು. ಅರ್ಧ ಗಂಟೇಲಿ ನಿಮ್ಮಕ್ಕಂದು ಎರಡು ಹೊಸ ಫೋಟೋ ತೆಗೆಸಿ ತಲುಪಿಸ್ಬಿಡಿ. ಆಯ್ತನ್ಕೊಳ್ಳೀ.”

ಅಕ್ಕ ಸ್ಟೂಲಿನ ಮೇಲೆ ಕೂತಳು. ಭಾವ ತೆಗೆದರು. ಕಂಪ್ಯೂಟರಿನ ಹತ್ತಿರವೂ ಸುಳಿಯದೆ ಸೀದಾ ಪ್ರಿಂಟು ಹಾಕಿದರು. ಎರಡೂ ಕೈ ಮೇಲೆತ್ತಿ, ಮುಟ್ಟಿಲ್ಲ ಅಂತ ತೋರಿಸಿದರು. ಫೋಟೋ ಅಕ್ಕನ ಕೈಗೆ ಬಂತು. ಆ ಫೋಟೋ ಒಳ್ಳೆ ಬೆಳಕಿನಲ್ಲಿ, ಒಳ್ಳೆ ಲೆನ್ಸಿನಲ್ಲಿ ತೆಗೆದದ್ದು. ಮುಖದ ಒಂದು ಗೆರೆಯೂ ತಪ್ಪದೆ ಬಂದಿತ್ತು.

ಅಕ್ಕ ಬಹಳ ಹೊತ್ತು ನೋಡಿದಳು. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

“ಏನ್ರೀ... ಇಷ್ಟು ವಯಸ್ಸಾಗಿದ್ಯಾ ನನಗೆ?”

“ಕೈ ಕಟ್ಟಿ ಹಾಕಿದ್ದೀಯಲ್ಲ ಟೀಚರ್. ಇದ್ದ ಹಾಗೇ.”

“ಅದು ಸರಿ. ಮಚ್ಚೆ ಇರ್ಲಿ. ಮಚ್ಚೆ ಮುಟ್ಟೋದು ಬೇಡ,” ಅಂದಳು ಅಕ್ಕ. ದನಿ ತಗ್ಗಿತು. “ಆದ್ರೆ... ಈ ಕಣ್ಣ ಕೆಳಗೆ ಮಾತ್ರ... ಒಂದು ಚೂರು...”

ಭಾವ ಅವಳನ್ನು ನೋಡಿದರು. ಕಂಪ್ಯೂಟರನ್ನು ನೋಡಿದರು. ಅವರ ಬಲಗೈ, ಅವರಿಗೇ ಗೊತ್ತಿಲ್ಲದ ಹಾಗೆ, ಮೇಜಿನ ಮೇಲೆ ಒಂದಂಗುಲ ಮುಂದಕ್ಕೆ ಸರಿಯಿತು.

ನಾನು ಫೋಟೋ ಎರಡನ್ನೂ ಕಿತ್ತುಕೊಂಡು ರಸ್ತೆಗೆ ಓಡಿದೆ.